ಮೂಲೆಯಿಲ್ಲದ ದೊಡ್ಡಿ

ಮನೆ,
೧೪ನೇ ತಾರೀಖು, ಭಾನುವಾರ, ಊಟಕ್ಕೆ ಮುಂಚೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಅಂಗೈ ಚರ್ಮ ಸುಲಿಯುವುದು ಕಡಿಮೆಯಾಯಿತೇ? ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಪುಡಿ ಭಾರಿ ಖಾರ ಎಂದು ನೀನು ಬರೆದಿದ್ದೆ. ಮಲಗುವಾಗ ಒಂದಿಷ್ಟು ಎಣ್ಣೆ ಸವರಿಕೋ, ಸೋಮಾರಿತನ ಮಾಡಬೇಡ. ನಾನು ಕ್ವೈಟ್ ವೆಲ್, ಹೋಪಿಂಗ್ ಟು ಹಿಯರ್ ದಿ ಸೇಮ್ ಫ್ರಮ್ ಯು. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರಲ್ಲಿ ಪೂರ್ತಿಯಾಗಿ ಉಳಿದಿರುವುದು ಇದೊಂದೇ ವಾಕ್ಯ, ಬಾಕಿಯೆಲ್ಲ ತುಂಡು ತುಂಡು. ಮಂಡಿ ನೋಯುತ್ತದೆ. ನೋಯಲಿ ಬಿಡು, ಈ ಮನೆಯಲ್ಲಿ ಅದೊಂದಾದರೂ ನನ್ನನ್ನು ಮಾತಾಡಿಸುತ್ತದೆ.

ಮೊದಲು ನಿನಗೆ ಸಮಾಧಾನ ಕೊಡುವ ಸುದ್ದಿ. ಅವನು ಈ ಕಡೆ ಸುಳಿದಿಲ್ಲ. ನೀನು ಅವನ ಮನೆ ಬಿಟ್ಟು ಬಂದ ಹೊಸತರಲ್ಲಿ ಎದುರಿನ ಕಟ್ಟೆಯ ಮೇಲೆ ಕೂತು ಸಿಗರೇಟು ಸುಡುತ್ತಿದ್ದವನು, ನನ್ನ ಕೈಯಿಂದ ಫೋನು ಕಿತ್ತುಕೊಂಡು ತಡಕಾಡಿದವನು, ಮಳೆ ನಿಂತ ಮೇಲೆ ಪತ್ತೆಯಿಲ್ಲ. ಸಾಕಾಗಿ ಬಿಟ್ಟುಬಿಟ್ಟ ಎಂದೇ ನನ್ನ ಎಣಿಕೆ. ನಿನ್ನ ಗಂಡ ಎನ್ನಲು ನಾಲಿಗೆ ಏಳುವುದಿಲ್ಲ, ಅಳಿಯ ಎನ್ನಲಂತೂ ಸಾಧ್ಯವೇ ಇಲ್ಲ. ಹೆಂಡತಿಯ ಕೈ ಮುರಿದವನಿಗೆ ಸಂಬಂಧದ ಹೆಸರು ಯಾಕೆ. ನೀನಿರುವ ಊರು ವಕೀಲಮ್ಮನೊಬ್ಬರಿಗೆ ಗೊತ್ತು, ನನಗೂ ಗೊತ್ತಿಲ್ಲ, ಕಾಗದಗಳೂ ಅವರ ಕೈಯಿಂದಲೇ ಹೋಗಿ ಬರುತ್ತವೆ, ಅದೇ ಕ್ಷೇಮ. ನಿನ್ನಮ್ಮ ಹೇಳುತ್ತಿದ್ದಳಲ್ಲ, ‘ನಿಮ್ಮ ಬಾಯಿಗೆ ಬೀಗ ಹಾಕಿದ್ರೆ ಕೀಲಿಕೈ ಎಲ್ಲಿಟ್ಟಿದ್ದೀನಿ ಅಂತ ನೀವೇ ಬೀದಿಗೆಲ್ಲ ಸಾರಿ ಬರ್ತೀರಿ’ ಎಂದು. ಗೊತ್ತಿಲ್ಲದ್ದನ್ನು ಸಾರುವುದು ನನ್ನಿಂದಲೂ ಆಗದು ನೋಡು.

ಈಗ ನಮ್ಮ ಕುರಿಗಳ ವಿಷಯ. ಫೋನು ಬೇಡ, ನಾನು ಮೊದಲಿನಿಂದ ಆಡುವ ಕಂಪ್ಯೂಟರ್ ಆಟದೊಳಗೆ ಇಬ್ಬರೂ ಸಿಗೋಣ ಎಂದು ನೀನು ಬರೆದಾಗ ನನಗೆ ನಗು ಬಂದಿತ್ತು. ಕಂಪ್ಯೂಟರ್ ಅಂಗಡಿಯವನೂ ಹಾಕಿಕೊಡುವಾಗ ಮುಸಿಮುಸಿ ನಕ್ಕ. ‘ಯಜಮಾನ್ರೇ, ರಾಜರ ಕಾಲದ ಕಾಡು ಇದು, ಚಳಿಗೋ ಹಸಿವಿಗೋ ತೋಳಕ್ಕೋ ಸಾಯ್ತೀರಿ’ ಎಂದ. ಸರ್ವೈವಲ್ ಆಫ್ ದಿ ಫಿಟ್ಟೆಸ್ಟ್ ಎಂದೆ ನಾನು. ನೀನು ಎರಡೆರಡು ಪಾಳಿ ಹಿಡಿದು ಆಟಕ್ಕೆ ಬರಲಾಗದೆ ‘ಮಂದೆ ನಿಂದೇ ಕಣಪ್ಪ’ ಎಂದು ಬಿಟ್ಟುಹೋದ ಮೇಲೆ, ಬೆಳಗಿನ ಕಾಫಿ ಲೋಟ ಹಿಡಿದೇ ಕಾಡಿಗೆ ಇಳಿಯುತ್ತೇನೆ. ಹುಲ್ಲು ಕೊಯ್ದು ಒಣಗಿಸಿ ತೊಟ್ಟಿಗೆ ಹಾಕುವುದು, ಗಡ್ಡೆ ಅಗೆದು ಹಂದಿಗಳಿಗೆ ಹಾಕುವುದು. ಹೊಟ್ಟೆ ತುಂಬಿದ ಮೇಲೆಯೇ ಹೆಣ್ಣುಕುರಿ ಟಗರನ್ನು ಹತ್ತಿರ ಸೇರಿಸುತ್ತದೆ, ಅರೆಹೊಟ್ಟೆಯಲ್ಲಿ ಇಟ್ಟರೆ ಗಬ್ಬ ನಿಲ್ಲುವುದಿಲ್ಲ. ನೀನು ಹಿಡಿದು ತಂದ ಮೊದಲಿನ ಕಾಡುಕುರಿಗಳು ನನ್ನ ನೆರಳು ಕಂಡರೆ ಬೇಲಿಗೆ ಹಾಯುತ್ತಿದ್ದವಲ್ಲ, ಅವುಗಳ ಮರಿಗಳಿಗೆ ಭಯ ಸ್ವಲ್ಪ ಕಡಿಮೆ, ಮರಿಯ ಮರಿಗೆ ಇನ್ನೂ ಕಡಿಮೆ. ಈಗಿನ ತಲೆಮಾರಿನವು ನಾನು ಕೊಡಲಿ ಹಿಡಿದು ನಡುವೆ ನಿಂತರೂ ಮುಖ ಎತ್ತುವುದಿಲ್ಲ, ಮೇಯುತ್ತಲೇ ಇರುತ್ತವೆ. ಇದಕ್ಕೆ ಇಂಗ್ಲಿಷಿನಲ್ಲಿ ಡೊಮೆಸ್ಟಿಕೇ... ಏನೋ ಒಂದು ಉದ್ದದ ಮಾತಿದೆ. ಖುಷಿಪಡಬೇಕಾದದ್ದು, ಆದರೆ ಮೊನ್ನೆ ಒಂದು ತೋಳ ಬೇಲಿ ದಾಟಿ ಒಳಗೆ ಬಂದಾಗಲೂ ಅವು ಹಾಗೇ ಮೇಯುತ್ತಿದ್ದವು. ನಾನೇ ಬಡಿದು ಓಡಿಸಬೇಕಾಯಿತು.

ನಾನೊಬ್ಬನೇ ಅಲ್ಲ, ಅವತ್ತು ಗಿರಣಿಯವನೂ ಇದ್ದ. ಅವನ ವಿಷಯ ಬರೆದೇ ಇಲ್ಲ ಅಲ್ಲವೇ? ಈ ಕಾಡಿಗೆ ಯಾರು ಬೇಕಾದರೂ ಬರಬಹುದು ಎಂದು ನೀನೇ ಹೇಳಿದ್ದೆ. ಹಾಗೆ ಬಂದವನು. ಹೊಳೆಯಾಚೆ ಒಂದು ಗಿರಣಿ ಕಟ್ಟಿಕೊಂಡಿದ್ದಾನೆ, ಹೆಸರೂ ಅದೇ, ಮಿಲ್ಲರ್. ಮುಖ ಇಲ್ಲ, ದನಿ ಇಲ್ಲ, ಬರೀ ಅಕ್ಷರ. ಆದರೆ ಎಂಥ ಮರ್ಯಾದಸ್ಥ. ‘ಹಿರಿಯರೇ’ ಎಂದೇ ಕರೆಯುತ್ತಾನೆ. ಬಂದ ದಿನ ದೊಡ್ಡಿಯ ಸುತ್ತ ಒಂದು ಸುತ್ತು ಹಾಕಿ, ‘ದುಂಡಗೆ ಕಟ್ಟಿದ್ದಾರಲ್ಲ, ಮೂಲೆನೇ ಇಲ್ಲ. ಹೀಗೆ ಕಟ್ಟೋರು ಅಪರೂಪ’ ಎಂದು ಬರೆದ. ಮೂಲೆ ಇದ್ದರೆ ಹೆದರಿದ ಕುರಿಗಳು ಅಲ್ಲಿಗೇ ನುಗ್ಗಿ ಒಂದನ್ನೊಂದು ತುಳಿಯುತ್ತವೆ, ಅದಕ್ಕೆ ನನ್ನ ಮಗಳು ಎಲ್ಲಿ ಕಟ್ಟಿದರೂ ದುಂಡಗೇ ಕಟ್ಟುತ್ತಾಳೆ ಎಂದು ಹೆಮ್ಮೆಯಿಂದ ಹೇಳಿದೆ. ಅವನು ದೊಡ್ಡಿಗೆ ಇನ್ನೊಂದು ಸುತ್ತು ಹಾಕಿ ಹೋದ. ಮಾರನೆಯ ದಿನ ಒಂದು ಗಾಡಿ ಮೇವು ತಂದು ಸುರಿದ.

ಅಂದಿನಿಂದ ದಿನಾ ಬರುತ್ತಾನೆ. ಅವನ ಕೈ ಪಳಗಿದ ಕೈ. ಹೆಚ್ಚಾದ ಟಗರುಗಳನ್ನು ಅವನೇ ಕಡಿಯುತ್ತಾನೆ, ನನಗೆ ಕೈ ಬರುವುದಿಲ್ಲ. ಮೊದಲು ತೊಟ್ಟಿಗೆ ಗಡ್ಡೆ ಹಾಕಿ, ಬಾಯಿ ಇಟ್ಟ ಮೇಲೆ ಹಿಂದಿನಿಂದ ಬರುತ್ತಾನೆ. ‘ಅಟ್ಟಿಸ್ಕೊಂಡು ಹೋಗೋದು ದಡ್ಡರ ಕೆಲಸ ಹಿರಿಯರೇ, ಮೇವು ಹಾಕ್ಕೊಂಡು ಕೂತ್ರೆ ಸಾಕು’ ಎನ್ನುತ್ತಾನೆ. ಸ್ಲೋ ಅಂಡ್ ಸ್ಟೆಡಿ ಎಂದೆ, ಮುಂದಿನದು ನೆನಪಾಗಲಿಲ್ಲ. ನಾನು ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರು ಓದಿದವನು, ಬೊಗಳುವ ನಾಯಿ ಒಂದೂ ನನ್ನನ್ನು ಮುಟ್ಟಲಿಲ್ಲ, ಕಚ್ಚಿದ್ದು ಬಾಲ ಅಲ್ಲಾಡಿಸುತ್ತ ಬಂದದ್ದೇ. ಆದರೆ ಮನುಷ್ಯರ ವಿಷಯದಲ್ಲಿ ಹಾಗೆ ಯೋಚಿಸುತ್ತ ಕೂತರೆ ಮಾತಿಗೆ ಯಾರು ಸಿಗುತ್ತಾರೆ ಹೇಳು.

ಮಾತೆಂದರೆ ಏನು, ಕೆಲಸದ ನಡುವಿನ ಮಾತು. ಕುರಿಗಳನ್ನು ದಾಟಿಸಲು ಹೊಳೆಗೆ ಸೇತುವೆ ಹಾಕುವಾಗ, ನನ್ನ ಮಗಳ ಊರಿನಲ್ಲಿ ಎರಡು ಸೇತುವೆ ಅಕ್ಕಪಕ್ಕ ಇವೆಯಂತೆ, ಹಳೆಯ ಕಬ್ಬಿಣದ್ದರಲ್ಲಿ ಜನ ಮಾತ್ರ ನಡೆಯುತ್ತಾರಂತೆ ಎಂದೆ. ಹಿಟ್ಟು ಬೀಸಿ ಕೊಟ್ಟಾಗ, ನೀನು ಬೇಕರಿಯ ಮಹಡಿಯ ಮೇಲಿದ್ದು ಬ್ರೆಡ್ಡಿನ ವಾಸನೆಗೇ ಎಚ್ಚರವಾಗುವುದನ್ನು ಹೇಳಿದೆ. ಕುರಿ ಉಣ್ಣೆ ತೊಳೆಯುವಾಗ ಆಸ್ಪತ್ರೆಯ ಪುಡಿಗೆ ಸುಲಿದ ನಿನ್ನ ಅಂಗೈಯ ವಿಷಯ ಬಂತು, ಪಾಪ, ಎಷ್ಟು ಕನಿಕರದಿಂದ ಕೇಳಿದ, ಯಾವ ಪಾಳಿ, ಒಬ್ಬಳೇ ನಡೆದು ಬರುತ್ತಾಳಾ ಎಂದು. ಊರಿನ ಹೆಸರು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಶಿಸ್ತು ನನಗಿದೆ.

ನಿನ್ನ ಬಿಳಿಕಿವಿಯ ಕುರಿ ತುಂಬಿದ ಬಸುರಿ, ಇಂದೋ ನಾಳೆಯೋ ಈಯಬೇಕು. ಆಟದಲ್ಲಿ ಚಳಿಗಾಲ ಹತ್ತಿರ ಬಂದಿದೆ, ಮೇವು ಸಾಲುವುದಿಲ್ಲ ಎಂಬ ದಿಗಿಲಿತ್ತು, ‘ನಾನಿದ್ದೀನಲ್ಲ’ ಎಂದಿದ್ದಾನೆ ಗಿರಣಿಯವನು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ವಕೀಲಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕೈಗಳು ಬೇಗ ವಾಸಿಯಾಗಲಿ, ನಿನ್ನ ಬಾಗಿಲು ಗಟ್ಟಿಯಾಗಿರಲಿ, ಇದಕ್ಕಿಂತ ದೊಡ್ಡ ಹರಕೆ ನನಗೆ ತಿಳಿಯದು.

ನಿನ್ನ ದಾರಿ ಕಾಯುತ್ತಿರುವ,
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬಿಳಿಕಿವಿ ಈದಿತೇ ನೋಡಿ ಬರೆಯೋಣ ಎಂದು ಈಗ ಆಟ ತೆರೆದೆ. ಗಿರಣಿಯವನಿಲ್ಲ. ಎಲ್ಲ ತೊಟ್ಟಿಗಳಲ್ಲೂ ಮೇವು ಅಂಚಿನವರೆಗೆ ತುಂಬಿದೆ, ದೂರ ಹೊರಟವರು ತುಂಬಿಸಿಟ್ಟ ಹಾಗೆ. ದೊಡ್ಡಿಯ ಬಾಗಿಲಲ್ಲಿ ಒಂದು ಹಲಗೆ ನೆಟ್ಟಿದ್ದಾನೆ. ‘ಮಾವ, ಸಾಕಾಗೋಷ್ಟು ಹಾಕಿದ್ದೀನಿ. ಅವಳನ್ನ ಕರ್ಕೊಂಡು ಬರ್ತೀನಿ’ ಎಂದು ಬರೆದಿದೆ. ನನ್ನನ್ನು ಮಾವ ಎಂದವನು ಅವನೊಬ್ಬನೇ. ಪುಟ್ಟೀ, ಸೇತುವೆ, ಬೇಕರಿ, ಆಸ್ಪತ್ರೆ, ಪಾಳಿ, ಎಲ್ಲವನ್ನೂ ನಾನೇ ಕೊಟ್ಟಿದ್ದೇನೆ. ವಕೀಲಮ್ಮನ ಫೋನು ಭಾನುವಾರ ಬಂದ್. ಈ ಕಾಗದ ಹಿಡಿದು ಅವರ ಮನೆಗೆ ಓಡುತ್ತಿದ್ದೇನೆ. ಅವರು ಸಿಕ್ಕರೆ ಫೋನಿನಲ್ಲೇ ಹೇಳಿಸುತ್ತೇನೆ, ಸಿಗದಿದ್ದರೆ ಬಾಗಿಲಡಿ ಇದನ್ನು ತಳ್ಳಿ ಪೊಲೀಸ್ ಠಾಣೆಗೆ ಹೋಗುತ್ತೇನೆ, ಊರು ಯಾವುದು ಎಂದು ಕೇಳಿದರೆ ಏನು ಹೇಳಲಿ. ಕೋಣೆ ಬಿಡು. ಬೇಕರಿ ಕಡೆಯ ಮೆಟ್ಟಿಲು ಇಳಿಯಬೇಡ, ಹಳೆಯ ಸೇತುವೆಯ ಮೇಲೆ ನಡೆಯಬೇಡ. ಯಾರಾದರೂ ಬಾಗಿಲು ತಟ್ಟಿ ನಿಮ್ಮಪ್ಪ ಕಳಿಸಿದ್ದಾರೆ ಎಂದರೆ ತೆರೆಯಬೇಡ. ನಾನು ಯಾರನ್ನೂ ಕಳಿಸಿಲ್ಲ.