ಅಜ್ಜಿಯರ ಕಡಲು

ಅಮ್ಮಾ,

ಓದಲು ನೀನಿಲ್ಲ, ಆದರೂ ಹೇಳದೆ ಇರಲಾರೆ. ಇವತ್ತು ಮತ್ತೆ ಕಡಲಿಗಿಳಿದೆ! ಜೇಜು ಪೇಟೆಯ ಆಸ್ಪತ್ರೆಯಲ್ಲಿ ಮಂಡಿಗೆ ಹೊಸ ಕೀಲು ಹಾಕಿಸಿಕೊಂಡ ಮೇಲೆ ಇದೇ ಮೊದಲು. ಚಳಿಗಾಲವೆಲ್ಲ ಆ ಕಾಲನ್ನು ಬಗ್ಗಿಸುವುದರಲ್ಲೇ ಕಳೆಯಿತು. ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದೆ. ಬಚ್ಚಲಿಗೆ ಹೋಗಲು ಈಗಲೂ ಕೋಲು ಬೇಕು.

ನನ್ನ ಜೊತೆ ಚಿಪ್ಪು ಹೆಕ್ಕಲು ಮುಳುಗುವ ಮಾಲ್‌ಸುನ್ ನನಗೆ ರಬ್ಬರ್ ಉಡುಪು ಹಾಕಿಸುತ್ತಾ, "ಅಕ್ಕಾ, ಆಳದ ಆಸೆ ಬಿಡು. ನಿಂಗಿನ್ನು ಅಜ್ಜೀರ ಕಡಲೇ ಗತಿ," ಎಂದು ನಕ್ಕಳು. ಮುದುಕಿಯರಿಗೆಂದು ನಾವು ಬಿಟ್ಟಿರುವ ದಡದಂಚಿನ ನೀರು ಅದು. ಕೊನೆಕೊನೆಗೆ ನೀನೂ ಕೋಲೂರಿಕೊಂಡು ಬಂದು ಮುಳುಗುತ್ತಿದ್ದ ಜಾಗ.

"ನಿನ್ನ ನಾಲಿಗೆಗೆ ಏಡಿ ಕಚ್ಚ!" ಎಂದು ಬೈದು, ಕಲ್ಲುಗಳ ಮೇಲೆ ತೆವಳುತ್ತಲೇ ಇಳಿದೆ.

ನೀರು ಎದೆಮಟ್ಟಕ್ಕೆ ಬಂದಾಗ ನೋವು ನಿಂತುಹೋಯಿತು. ಕಡಿಮೆಯಾದದ್ದಲ್ಲ ಅಮ್ಮಾ, ನಿಂತೇಹೋಯಿತು! ತಲೆಕೆಳಗಾಗಿ ಮುಳುಗಿದರೆ ನನ್ನ ಕಾಲುಗಳು ಯಾವಳೋ ಹರೆಯದವಳ ಕಾಲುಗಳು. ಬಿಸಿಲು ತಳದವರೆಗೂ ಇಳಿದಿತ್ತು, ಪಾಚಿ ತೂಗುತ್ತಿತ್ತು. ಚಿಪ್ಪು ಹೆಕ್ಕುವುದನ್ನೇ ಮರೆತೆ.

ಎಲ್ಲರೂ ದಡ ಸೇರಿದರೂ ನೀನೊಬ್ಬಳು ಬರುತ್ತಿರಲಿಲ್ಲ. ನಾನು ದಡದಿಂದ ಕರೆದು ಕರೆದು ಸಾಕಾದರೆ ನೀನು, "ಇನ್ನೊಂದೇ ಮುಳುಗು," ಎನ್ನುತ್ತಿದ್ದೆ. ಮುದುಕಿಗೆ ಚಿಪ್ಪಿನ ದುರಾಸೆ ಅಂತ ನಾನು ಅಂದುಕೊಂಡಿದ್ದೆ. ಆದರೆ ನಿನ್ನ ಬಲೆಚೀಲ ಯಾವಾಗಲೂ ಖಾಲಿ ಇರುತ್ತಿತ್ತು.

ಇವತ್ತು ಮಾಲ್‌ಸುನ್ ದಡದಿಂದ ಕಿರುಚಿದಳು: "ಅಕ್ಕಾ, ಸಾಕು ಬಾರೇ! ಗಂಜಿ ಆರ್ತಾ ಇದೆ!"

"ಇನ್ನೊಂದೇ ಮುಳುಗು ಕಣೇ," ಎಂದು ಕೂಗಿ, ಖಾಲಿ ಚೀಲದ ಸಮೇತ ಮತ್ತೆ ಮುಳುಗಿದೆ.