ಮಾಬುಸಾಬ್ ಕಾಕಾ ಎತ್ತಿದ ಫೋನು

ಹರಪನಹಳ್ಳಿ, ೧೨ ಜೂನ್ ೧೯೯೮, ಶುಕ್ರವಾರ

ಮನೆಯಲ್ಲಿ ಫೋನಿಲ್ಲವೆಂದು ಅರ್ಜಿಯಲ್ಲಿ ಎದುರಿನ ಮಾಬುಸಾಬ್ ಕಾಕಾರ ಗ್ಯಾರೇಜಿನ ನಂಬರ್ ಬರೆದೆನಲ್ಲ, ಎಂಥ ಪೆದ್ದಿ ನಾನು! ಸಿ.ಎ. ಓದಿಗೆ ಬೇಕಾದ ಆಫೀಸು ತರಬೇತಿ, ಆರ್ಟಿಕಲ್‌ಶಿಪ್, ಬೇಡಿ ಅಷ್ಟೊಂದು ಆಡಿಟರುಗಳಿಗೆ ಬರೆದಿದ್ದೆ. ಇವತ್ತು ದಾವಣಗೆರೆಯಿಂದ ಒಬ್ಬರು ಫೋನ್ ಮಾಡಿದರು. ನಾನು ಲೈಬ್ರರಿಯಲ್ಲಿದ್ದೆ. ಕಾಕಾ ತಾವೇ ಅವರನ್ನು ವಿಚಾರಿಸಿಕೊಂಡಿದ್ದಾರೆ.

"ಆಫೀಸಿನ್ಯಾಗ ಬ್ಯಾರೆ ಹೆಣ್ಮಕ್ಕಳು ಅದಾರೇನ್ರಿ, ಕತ್ತಲಾಗೋದ್ರೊಳಗ ಬಸ್ಸಿಗೆ ಬಿಡ್ತೀರೇನ್ರಿ ಅಂತ ಕೇಳ್ದೆ ನೋಡವ್ವಾ."

ಎರಡೂ ನನ್ನನ್ನು ಕಳಿಸಲು ಅಪ್ಪ ಹಾಕಿದ್ದ ಷರತ್ತುಗಳು. ಕೇಳಿದರೆ ಆಡಿಟರುಗಳು ಬೇಡವೆಂದಾರು ಎಂಬ ಭಯಕ್ಕೆ ನಾನು ಅರ್ಜಿಯಲ್ಲಿ ಬರೆದೇ ಇರಲಿಲ್ಲ. ಎಲ್ಲ ಮುಗಿಯಿತೆಂದು ಸಿಟ್ಟಿನಲ್ಲಿ ಪೂರ್ತಿ ಕೇಳದೆ ಬಂದು ಮುಸುಕು ಹಾಕಿಕೊಂಡೆ.

ಸಂಜೆ ಕಾಕಾ ಬಾಗಿಲಿಗೇ ಬಂದರು. "ಪೂರಾ ಕೇಳದ ಓಡಿಬಂದ್ಯಲ್ಲ ವಾಣಿ! ಎರಡಕ್ಕೂ ಹೂಂ ಅಂದಾರ. ಸೋಮವಾರ ಬಾ ಅಂದಾರ." ಆಮೇಲೆ ಅಪ್ಪನ ಕಡೆ ತಿರುಗಿ, ತಲೆ ಕೆರೆದುಕೊಳ್ಳುತ್ತ, "ಬೆನಕಪ್ಪಣ್ಣಾ, ಆ ಆಡಿಟರು ನನಗ, ನೀವು ಹುಡುಗಿ ತಂದೇನ್ರಿ ಅಂತ ಕೇಳಿದ್ರು. ಹೂಂ ಅಂದುಬಿಟ್ಟೀನಿ."

ಅಪ್ಪ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಈಚೆಗೆ ನೋಡಿಲ್ಲ.

ಸಿಟ್ಟಾದದ್ದಕ್ಕೆ ಕಾಕಾರಿಗೆ ನಾಳೆ ಏನು ಹೇಳಲಿ? ಕಣ್ಣು ಎಳೆಯುತ್ತಿದೆ, ಆದರೆ ನಿದ್ದೆ ಬಾರದು. ಸೋಮವಾರ ಅಪ್ಪ ಜೊತೆಗೆ ಬರುತ್ತಾರಂತೆ. ಅಪ್ಪನನ್ನು ತೋರಿಸಿ ಯಾರಿವರು ಎಂದು ಆಡಿಟರ್ ಕೇಳಿದರೆ, ನಮ್ಮ ಕಾಕಾ ಎನ್ನಬೇಕಂತೆ.