ಸೂಜಿ ಚುಚ್ಚಿದ ಕಾಟ್ಲ ಮೀನನ್ನು ತಿನ್ನಬಹುದೇ?

ಮೀನುಮರಿ ಕೇಂದ್ರದ ಮೇಲಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಕೇಂದ್ರದ ಔಷಧಿ ಚುಚ್ಚಿದ ಮೀನನ್ನು ನಾನು ನನ್ನ ಬಸುರಿ ಮಗಳಿಗೆ ತಿನ್ನಿಸಿದ್ದೇನೆ. ಅದರಿಂದ ಅವಳಿಗಾಗಲಿ ಹೊಟ್ಟೆಯಲ್ಲಿರುವ ಮಗುವಿಗಾಗಲಿ ತೊಂದರೆ ಇದೆಯೇ ಎಂದು ಕೇಳಿ ಅರ್ಜಿ ಕೊಟ್ಟು ಐವತ್ತೆರಡು ದಿನವಾಯಿತು. ಉತ್ತರವಿಲ್ಲ. ಆದ್ದರಿಂದ ನಾಲ್ಕು ಜನ ಓದುವಂತೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ನಾನು ಹೆಮ್ಮಿಗೆಯವನು, ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ನಿಮ್ಮಲ್ಲಿ ದಿನಗೂಲಿ. ಹೊಳೆಗೆ ಹೊಸ ನೀರು ಬಂದಾಗ ಮೊಟ್ಟೆಯಿಡು ಎಂಬ ಅಪ್ಪಣೆ ಕಾಟ್ಲ ಮೀನಿನ ತಲೆಯೊಳಗಿಂದಲೇ ಹೊರಡುತ್ತದಂತೆ. ಸಿಮೆಂಟು ತೊಟ್ಟಿಯಲ್ಲಿ ಹೊಸ ನೀರೆಲ್ಲಿ ಬರಬೇಕು? ಅಲ್ಲಿ ಆ ಅಪ್ಪಣೆಯನ್ನು ನಾವು ಮೀನಿನ ರೆಕ್ಕೆಯ ಬುಡಕ್ಕೆ ಸೂಜಿಯಲ್ಲಿ ಕೊಡುತ್ತೇವೆ. ನೀವು ಅದನ್ನು ಹಾರ್ಮೋನು ಎನ್ನುತ್ತೀರಿ. ತೂಕಕ್ಕೆ ತಕ್ಕಷ್ಟು ಔಷಧಿ, ಹೆಣ್ಣಿಗೆ ಹೆಚ್ಚು, ಗಂಡಿಗೆ ಕಡಿಮೆ. ತೂಕ ಬರೆದುಕೊಳ್ಳಲು ನೀವು ಪುಸ್ತಕ ಕೊಟ್ಟವರಲ್ಲ. ಔಷಧಿಯ ರಟ್ಟಿನ ಡಬ್ಬಿ ಹರಿದು, ಅದರ ಬೆನ್ನಿಗೆ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ನಮ್ಮ ರೂಢಿ. ಮುಂಭಾಗದಲ್ಲಿ ಇರುವುದೆಲ್ಲ ಇಂಗ್ಲಿಷು.

ಜೂನ್ ತಿಂಗಳಲ್ಲಿ ಒಂದು ಹೆಣ್ಣು ಮೀನು ಚುಚ್ಚಿದರೂ ಮೊಟ್ಟೆ ಬಿಡದೆ ಬೆಳಿಗ್ಗೆ ಸತ್ತು ತೇಲಿತ್ತು. ಹಾಗೆ ಸತ್ತದ್ದು ಕೆಲಸದವರಿಗೆ, ಸರದಿಯ ಮೇಲೆ. ಅವತ್ತು ನನ್ನ ಸರದಿ. ತಾಂಡವಪುರಕ್ಕೆ ಕೊಟ್ಟಿರುವ ಮಗಳು ಇಂದ್ರಾಣಿ ಬಾಣಂತನಕ್ಕೆ ಬಂದಿದ್ದಳು, ಮೀನುಸಾರಿನ ಬಯಕೆ ಎಂದಿದ್ದಳು. ದೊಡ್ಡ ತುಂಡನ್ನು ಅವಳ ತಟ್ಟೆಗೆ ನಾನೇ ಹಾಕಿದೆ. ಮೂರನೇ ದಿನ ಬಟ್ಟೆ ಒಗೆಯುವಾಗ ನನ್ನ ಜೇಬಿನ ರಟ್ಟು ಅವಳ ಕೈಗೆ ಸಿಕ್ಕಿತು. ಪಿಯುಸಿ ಓದಿದವಳು, ನಿಧಾನಕ್ಕೆ ಎರಡು ಸಲ ಓದಿದಳು.

"ಅಪ್ಪ, ಇದ ಚುಚ್ಚಿದ್ ಮೀನ ಊಟಕ್ಕೆ ಬಳಸ್ಬಾರ್ದು ಅಂತ ಬರ್ದವ್ರೆ ಕಣಪ್ಪ. ನಾವ್ ತಿಂದದ್ದು ಇದೇನಾ?"

ರಟ್ಟನ್ನು ಇಸಿದುಕೊಂಡು ಅದರ ಬೆನ್ನು ನೋಡಿದೆ; ನಾನೇ ಬರೆದ ತೂಕ, ಅದೇ ಮೀನಿನದು.

ಮರುದಿನ ನಿಮ್ಮ ಮೇಲ್ವಿಚಾರಕರನ್ನು ಕೇಳಿದೆ. "ಏನ್ಲಾ ನಿಂಗರಾಜು, ಮಗಳು ಲಕ್ಷ ಮರಿ ಹಾಕ್ತಾಳೆ ಅಂತ ಎದ್ರುಕೊಂಡಿದ್ದೀಯಾ?" ಎಂದು ನಕ್ಕರು. ಜೊತೆ ಕೆಲಸದ ಸಿದ್ದಯ್ಯ, ತಾನು ಹತ್ತು ವರ್ಷದಿಂದ ತಿನ್ನುತ್ತಿದ್ದೇನೆ, ಏನಾಗಿದೆ ಎಂದ. ಸಿದ್ದಯ್ಯ ಬಸುರಿಯಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕೇ? ಆಸ್ಪತ್ರೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಮಗು ಚೆನ್ನಾಗಿದೆ ಎಂದರು; ಔಷಧಿಯ ವಿಚಾರ ಮೀನಿನವರನ್ನೇ ಕೇಳಿ ಎಂದರು. ಮೀನಿನವರು ಡಾಕ್ಟರನ್ನು ಕೇಳು ಎಂದರು. ಇಬ್ಬರ ನಡುವೆ ಬಸ್ಸಿನಲ್ಲಿ ಓಡಾಡುತ್ತಿರುವವನು ನಾನೊಬ್ಬನೇ.

ಹಾನಿ ಇಲ್ಲದೆಯೂ ಇರಬಹುದು, ನಾನು ಸುಮ್ಮನೆ ಹೆದರುವವನೇ ಇರಬಹುದು. ಆದರೆ ಮಗು ಒದ್ದರೆ ಯಾಕೆ ಒದ್ದಿತು ಎನ್ನುತ್ತೇನೆ, ಒದೆಯದಿದ್ದರೆ ಯಾಕೆ ಸುಮ್ಮನಿದೆ ಎನ್ನುತ್ತೇನೆ. ಇಂದ್ರಾಣಿ ನನ್ನನ್ನು ಬೈದಿಲ್ಲ. ನಾನು ತಂದ ಸೊಪ್ಪನ್ನು ಮಾತ್ರ ಮೂರು ಸಲ ತೊಳೆಯುತ್ತಾಳೆ. ಬೈದಿದ್ದರೇ ವಾಸಿಯಿತ್ತು.

ಸಂಜೆ ಅಪ್ಪಣೆ ಚುಚ್ಚಿದರೆ ಬೆಳಗಾಗುವಷ್ಟರಲ್ಲಿ ಮೀನು ಮೊಟ್ಟೆಯಿಡುತ್ತದೆ. ಐವತ್ತೆರಡು ದಿನದಿಂದ ಕೂತಿರುವ ನಿಮ್ಮ ಕಡತಕ್ಕೆ ಎಷ್ಟು ತೂಕದ ಔಷಧಿ ಬೇಕು, ಸ್ವಾಮಿ? ರೆಕ್ಕೆಯ ಬುಡ ಎಲ್ಲಿದೆಯೆಂದು ತೋರಿಸಿದರೆ ನಾನೇ ಬಂದು ಚುಚ್ಚುತ್ತೇನೆ, ಕೈ ಪಳಗಿದೆ.

ಚುಚ್ಚಿದ ಮೀನು ಸತ್ತರೆ ಹೂಳಬೇಕೆಂದು ಆದೇಶ ಮಾಡಿ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆಸಿ ತೊಟ್ಟಿಯ ಗೋಡೆಗೆ ಅಂಟಿಸಿ. ನನ್ನ ಪ್ರಶ್ನೆಗೆ ಹಾನಿ ಇದೆ, ಇಲ್ಲ, ನಮಗೂ ಗೊತ್ತಿಲ್ಲ, ಈ ಮೂರರಲ್ಲಿ ಒಂದನ್ನು ಸಹಿ ಹಾಕಿ ಕಳಿಸಿ. ಹೆರಿಗೆಗೆ ಇನ್ನು ಇಪ್ಪತ್ತು ದಿನ. ಅದು ನಿಮ್ಮ ಅಪ್ಪಣೆಗೆ ಕಾಯುವುದಿಲ್ಲ. ಉತ್ತರ ಕನ್ನಡದಲ್ಲೇ ಇರಲಿ. ಈ ಸಲ ಅವಳಿಗೆ ನಾನೇ ಓದಿ ಹೇಳಬೇಕು.

ಇಂತಿ,
ರಟ್ಟಿನ ಬೆನ್ನನ್ನಷ್ಟೇ ಓದಿದ
ನಿಂಗರಾಜು, ಹೆಮ್ಮಿಗೆ